ಗುಡಿಯಲ್ಲಿ ಹನುಮಪ್ಪ, ತೋಟದಲ್ಲಿ ಕೋತಿ

ಕೊಲ್ಲುವಾಗ ಮೃಗ, ಸುಡುವಾಗ ರಾಜ. ಕಿಷ್ಕಿಂಧೆಯ ಕಾಡುವೀರರ ಈ ಇಬ್ಬಂದಿಯನ್ನು ವಾಲ್ಮೀಕಿ ಬಗೆಹರಿಸಲಿಲ್ಲ, ತುಂಗಭದ್ರೆಯ ಮೇಲ್ದಂಡೆಯ ಅಡಿಕೆ ಬೆಳೆಗಾರನೂ ಬಗೆಹರಿಸಿಲ್ಲ!

ಟ್ರ್ಯಾಕ್ಟರಿನ ಟ್ರೇಲರ್‌ಗೆ ನಾಲ್ಕೂ ಮೂಲೆಯಲ್ಲಿ ಬಾಳೆಕಂದು ಕಟ್ಟಿದ್ದಾರೆ. ನಡುವೆ ಪ್ಲಾಸ್ಟಿಕ್ ಕುರ್ಚಿ. ಅದರ ಮೇಲೆ ಕೂತ ಭಂಗಿಯಲ್ಲಿ ಒಂದು ಸತ್ತ ಕೋತಿ. ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ, ಹೆಗಲಿಗೆ ಕೇಸರಿ ಶಾಲು. ಕರೆಂಟ್ ತಂತಿ ತಗುಲಿ ಸತ್ತದ್ದು.

ಮುಂದೆ ಭಜನೆ ಮಂಡಳಿಯವರ ತಾಳ, ಹಿಂದೆ ಡೊಳ್ಳು. ಮನೆ ಮನೆಯ ಬಾಗಿಲಲ್ಲಿ ಹೆಂಗಸರು ನೀರು ಹಾಕಿ, ಊದುಬತ್ತಿ ಹಚ್ಚಿ, ಕಾಯಿ ಒಡೆಯುತ್ತಾರೆ. ಆಂಜನೇಯನ ಗುಡಿಯ ಹಿಂದೆ ಗುಂಡಿ ತೋಡಿ ಆಗಿದೆ. ಹನ್ನೊಂದನೆಯ ದಿನಕ್ಕೆ ತಿಥಿ, ಚಂದಾ ಎತ್ತಿ ಊರಿಗೆಲ್ಲ ಅನ್ನ, ಸಾರು, ಪಾಯಸ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಊರಿನ ಕಟ್ಟೆಯ ಮೇಲೆ ಕೂತು ಕೇಳಿದರೂ ಇಂಥದೊಂದು ಮೆರವಣಿಗೆಯ ಸುದ್ದಿ ಸಿಗುತ್ತದೆ. ಅದೇ ಕಟ್ಟೆಯ ಮೇಲೆ ಇನ್ನೊಂದು ಮಾತೂ ಸಿಗುತ್ತದೆ: ಕೋತಿ ಕಾಟ. ಎಳೆ ಅಡಿಕೆಯ ಸಿಪ್ಪೆ ಕಿತ್ತು ರಸ ಹೀರಿ ಎಸೆಯುತ್ತವೆ. ಮೆಕ್ಕೆಜೋಳದ ತೆನೆ ಮುರಿದು ಎರಡು ಕಚ್ಚು ಕಚ್ಚಿ ಇನ್ನೊಂದಕ್ಕೆ ಹೋಗುತ್ತವೆ. ಹೆಂಚು ಸರಿಸಿ ಅಡುಗೆಮನೆಗೆ ಇಳಿಯುತ್ತವೆ. ಬೆಳಗಾದರೆ ತೋಟದಲ್ಲಿ ಗರ್ನಾಲಿನ ಸದ್ದು, ಹೊಲದಲ್ಲಿ ಕವಣೆಯ ಕಲ್ಲು.

ಬೆಳಿಗ್ಗೆ ಕವಣೆ ಬೀಸಿದ ಕೈ ಸಂಜೆ ಹೆಣದ ಮೇಲೆ ಹೂ ಹಾಕುತ್ತದೆ. ಪೇಟೆಯಿಂದ ಹೋದವರಿಗೆ ಇದು ನಗೆಪಾಟಲಾಗಿ ಕಾಣಬಹುದು. ನನಗೆ ಹಾಗನ್ನಿಸುವುದಿಲ್ಲ. ಈ ಇಬ್ಬಂದಿ ಊರಿನವರು ಹುಟ್ಟಿಸಿಕೊಂಡದ್ದಲ್ಲ. ಅದರ ಬೇರು ಕಿಷ್ಕಿಂಧಾ ಕಾಂಡದಲ್ಲಿದೆ. ಆ ಕಿಷ್ಕಿಂಧೆಯೋ, ಇದೇ ಹೊಳೆಯ ಕೆಳದಂಡೆಯಲ್ಲಿದೆ.

ಹೊಳೆ ಹೋಗುವ ದಾರಿ

ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿ ಒಂದಾದ ಹೊಳೆ ಹೊನ್ನಾಳಿಯನ್ನು ಹಾಯ್ದು ಹರಿಹರಕ್ಕೆ ಬರುತ್ತದೆ. ಚನ್ನಗಿರಿಯ ಸೂಳೆಕೆರೆಯಿಂದ ಹೊರಟ ಹರಿದ್ರೆ ಅಲ್ಲೇ ಅದನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಹೊಸಪೇಟೆಯ ಅಣೆಕಟ್ಟೆ, ಅದರಾಚೆ ಹಂಪಿ, ಆನೆಗೊಂದಿ. ಹೊನ್ನಾಳಿಯಲ್ಲಿ ಎಮ್ಮೆ ಮೈತೊಳೆದ ನೀರು ವಾಲಿ ಸುಗ್ರೀವರ ರಾಜಧಾನಿ ಎನ್ನುವ ಬಂಡೆಗಳ ಕಾಲಿಗೆ ಹೋಗಿ ತಾಕುತ್ತದೆ.

ಮಾರ್ಗಶಿರ ಬಂದರೆ ಜನವೂ ಅದೇ ದಿಕ್ಕಿಗೆ ಹೊರಡುತ್ತಾರೆ. ಕೇಸರಿ ಪಂಚೆ ಉಟ್ಟು ಹನುಮಮಾಲೆ ಧರಿಸಿದವರು ಶುದ್ಧ ತ್ರಯೋದಶಿಯ ಹನುಮದ್‌ ವ್ರತದ ಹೊತ್ತಿಗೆ ಆನೆಗೊಂದಿಯ ಅಂಜನಾದ್ರಿಗೆ ಬಂದು, 575 ಮೆಟ್ಟಿಲು ಹತ್ತಿ ಮಾಲೆ ವಿಸರ್ಜಿಸುತ್ತಾರೆ. ಬೆಟ್ಟದ ಮೇಲೆ ನಿಂತರೆ ಸುತ್ತಲೂ ಕಥೆ ಹರಡಿಕೊಂಡಿದೆ: ಪಂಪಾ ಸರೋವರ, ಋಷ್ಯಮೂಕ, ಮತಂಗ ಪರ್ವತ, ಸೀತೆ ಗಂಟುಕಟ್ಟಿ ಎಸೆದ ಒಡವೆಯನ್ನು ಸುಗ್ರೀವ ಇಟ್ಟಿದ್ದ ಗವಿ, ರಾಮ ಮಳೆಗಾಲ ಕಳೆದ ಮಾಲ್ಯವಂತ.

ಮೇಲ್ದಂಡೆಯವರಿಗೂ ರಾಮನ ನಂಟಿಗೆ ಬರವಿಲ್ಲ. ನ್ಯಾಮತಿ ತಾಲ್ಲೂಕಿನ ಬೆಳಗುತ್ತಿ ಸಮೀಪದ ತೀರ್ಥರಾಮೇಶ್ವರದಲ್ಲಿ, ಬತ್ತದ ಚಿಲುಮೆಯ ಪಕ್ಕ, ರಾಮ ವನವಾಸದಲ್ಲಿ ಬಂದಿದ್ದ ಎಂಬ ಐತಿಹ್ಯ ಇದೆ. ಆದರೆ ಇಲ್ಲಿ ಊರು ಊರಿಗೂ ಗುಡಿ ಇರುವುದು ರಾಮನಿಗಲ್ಲ, ಹನುಮಪ್ಪನಿಗೆ. ರಾಮದೇವರ ಗುಡಿ ಹುಡುಕಬೇಕು, ಹನುಮಪ್ಪನ ಗುಡಿಯನ್ನು ದಾಟಿಯೇ ಊರೊಳಗೆ ಹೋಗಬೇಕು.

ಮರವೇ ಆಯುಧ, ಉಗುರೇ ಕತ್ತಿ

ಯಾರು ಈ ವಾನರರು? ವಾಲ್ಮೀಕಿಯ ಬಾಲಕಾಂಡ ಹೇಳುವುದು ಇಷ್ಟು. ವಿಷ್ಣು ರಾಮನಾಗಿ ಹುಟ್ಟಲು ಹೊರಟಾಗ ಬ್ರಹ್ಮ ಉಳಿದ ದೇವತೆಗಳಿಗೆ ಹೇಳುತ್ತಾನೆ: ನೀವೂ ನಿಮ್ಮ ನಿಮ್ಮ ಅಂಶದ ಮಕ್ಕಳನ್ನು ಕಾಡಿಗೆ ಕೊಡಿ. ಇಂದ್ರನಿಂದ ವಾಲಿ, ಸೂರ್ಯನಿಂದ ಸುಗ್ರೀವ, ವಾಯುವಿನಿಂದ ಹನುಮಂತ, ಅಗ್ನಿಯಿಂದ ನೀಲ, ವಿಶ್ವಕರ್ಮನಿಂದ ನಳ, ಅಶ್ವಿನಿ ದೇವತೆಗಳಿಂದ ಮೈಂದ, ದ್ವಿವಿದ. ಜಾಂಬವಂತ ಇವರೆಲ್ಲರಿಗಿಂತ ಹಿರಿಯ. ಬ್ರಹ್ಮ ಆಕಳಿಸಿದಾಗ ಬಾಯಿಂದ ಹುಟ್ಟಿದವನು, ಜಾತಿಯಲ್ಲಿ ಕರಡಿ.

ಬಿಲ್ಲು, ಬಾಣ, ರಥ, ಕುದುರೆ ಇವರಿಗಿಲ್ಲ. ಬೇರುಸಹಿತ ಕಿತ್ತ ಮರ, ಬೆಟ್ಟದ ಬಂಡೆ, ಹಲ್ಲು, ಉಗುರು ಇವೇ ಆಯುಧ. ಹಾಗೆಂದು ಗುಂಪುಗುಂಪಾಗಿ ಅಲೆಯುವ ಕಾಡುಮಂದಿಯೂ ಅಲ್ಲ. ಕಿಷ್ಕಿಂಧೆಯಲ್ಲಿ ಅರಮನೆ ಇದೆ, ಮಂತ್ರಿಗಳಿದ್ದಾರೆ, ಪಟ್ಟಾಭಿಷೇಕ ಇದೆ, ಯುವರಾಜ ಇದ್ದಾನೆ. ಹನುಮಂತ ಮೊದಲ ಸಲ ಮಾತಾಡಿದಾಗ ರಾಮ ಬೆರಗಾಗುವುದು ಅವನ ತೋಳು ನೋಡಿ ಅಲ್ಲ, ವ್ಯಾಕರಣ ಕೇಳಿ. ಇಷ್ಟು ಹೊತ್ತು ಮಾತಾಡಿದ, ಒಂದು ಅಪಶಬ್ದ ಬರಲಿಲ್ಲವಲ್ಲ ಎಂದು ತಮ್ಮನಿಗೆ ಹೇಳುತ್ತಾನೆ.

ಸೀತೆಯನ್ನು ಹುಡುಕುವ ಏರ್ಪಾಡನ್ನು ನೋಡಿ. ನಾಲ್ಕು ದಿಕ್ಕಿಗೆ ನಾಲ್ಕು ತಂಡ: ಪೂರ್ವಕ್ಕೆ ವಿನತ, ಪಶ್ಚಿಮಕ್ಕೆ ತಾರೆಯ ತಂದೆ ಸುಷೇಣ, ಉತ್ತರಕ್ಕೆ ಶತಬಲಿ, ದಕ್ಷಿಣಕ್ಕೆ ಅಂಗದನ ಜೊತೆ ಹನುಮಂತ, ಜಾಂಬವಂತ. ಒಂದು ತಿಂಗಳ ಗಡುವು, ಮೀರಿದರೆ ತಲೆ ಹೋಗುತ್ತದೆ. ಯಾವ ದಿಕ್ಕಿನಲ್ಲಿ ಯಾವ ನದಿ, ಯಾವ ಬೆಟ್ಟ, ಎಲ್ಲಿಯವರೆಗೆ ಹೋಗಬೇಕು, ಎಲ್ಲಿಂದ ಆಚೆಗೆ ಬೆಳಕಿಲ್ಲ ಎಂದು ಸುಗ್ರೀವ ಬಾಯಿಪಾಠದಂತೆ ಹೇಳುತ್ತಾನೆ. ಇಷ್ಟೆಲ್ಲ ಹೇಗೆ ಗೊತ್ತು ಎಂದು ರಾಮ ಕೇಳಿದರೆ ಸುಗ್ರೀವನ ಉತ್ತರ: ಅಣ್ಣ ಅಟ್ಟಿಸಿಕೊಂಡು ಬಂದಾಗ ಜೀವ ಉಳಿಸಿಕೊಳ್ಳಲು ಭೂಮಿಯನ್ನೆಲ್ಲ ಓಡಿದ್ದೇನೆ!

ಇಂಥ ಹೊತ್ತಿನಲ್ಲಿ ವಾಲ್ಮೀಕಿ ಅವರನ್ನು ಪೂರ್ತಿ ಮನುಷ್ಯರನ್ನಾಗಿ ಮಾಡಿಬಿಟ್ಟ ಎನ್ನಿಸುತ್ತದೆ. ಅಷ್ಟರಲ್ಲಿ ಮಧುವನದ ಪ್ರಸಂಗ ಬರುತ್ತದೆ. ಸೀತೆ ಸಿಕ್ಕ ಸಂತೋಷಕ್ಕೆ ದಕ್ಷಿಣದ ತಂಡ ಸುಗ್ರೀವನ ಸ್ವಂತ ಜೇನಿನ ತೋಪಿಗೆ ನುಗ್ಗುತ್ತದೆ. ಕುಡಿಯುತ್ತಾರೆ, ಹಾಡುತ್ತಾರೆ, ಕೊಂಬೆ ಮುರಿಯುತ್ತಾರೆ, ಮೇಣ ಎಸೆದಾಡುತ್ತಾರೆ. ತೋಪು ಕಾಯುತ್ತಿದ್ದ ಸುಗ್ರೀವನ ಸೋದರಮಾವ ದಧಿಮುಖ ಬಿಡಿಸಲು ಹೋಗಿ ಪೆಟ್ಟು ತಿನ್ನುತ್ತಾನೆ. ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ರಾಮಾಯಣದಲ್ಲಿ ತಮ್ಮವನು ಎನ್ನಿಸುವ ಪಾತ್ರ ಯಾವುದಾದರೂ ಇದ್ದರೆ ಅದು ದಧಿಮುಖನೇ.

▪ ಐದು ದಿನದ ಸೇತುವೆ
ಯುದ್ಧಕಾಂಡದ ಪ್ರಕಾರ ನಳನ ಮೇಲ್ವಿಚಾರಣೆಯಲ್ಲಿ ವಾನರರು ಕಟ್ಟಿದ ಸೇತುವೆ 100 ಯೋಜನ ಉದ್ದ. ಮೊದಲ ದಿನ 14, ಎರಡನೆಯ ದಿನ 20, ಆಮೇಲೆ 21, 22, ಕೊನೆಯ ದಿನ 23 ಯೋಜನ. ಕೆಲಸ ಕೈಹತ್ತಿದಂತೆ ವೇಗ ಹೆಚ್ಚಿದ್ದನ್ನು ಕವಿ ಲೆಕ್ಕವಿಟ್ಟಿದ್ದಾನೆ. ಎಲ್ಲರಿಗೂ ಪ್ರಿಯವಾದ ಅಳಿಲಿನ ಕಥೆ ವಾಲ್ಮೀಕಿಯಲ್ಲಿಲ್ಲ, ಆಮೇಲೆ ಸೇರಿಕೊಂಡದ್ದು.

ಬಾಲವೋ, ಬಾವುಟವೋ?

ಕನ್ನಡದ ಜೈನ ಕವಿಗಳಿಗೆ ಈ ಬಾಲ ಒಪ್ಪಿಗೆಯಾಗಲಿಲ್ಲ. ಮಂಗಗಳು ಸೇತುವೆ ಕಟ್ಟಿ ಯುದ್ಧ ಗೆದ್ದವು ಎಂದರೆ ಯಾರು ನಂಬಬೇಕು? ಪ್ರಾಕೃತದಲ್ಲಿ ವಿಮಲಸೂರಿ ‘ಪಉಮಚರಿಯ’ದಲ್ಲಿ ಇದಕ್ಕೆ ಬೇರೆ ದಾರಿ ಕಂಡುಕೊಂಡಿದ್ದ. ಅವನ ಪ್ರಕಾರ ವಾನರರು ವಿದ್ಯಾಧರರು, ಮನುಷ್ಯರೇ. ವಾನರದ್ವೀಪದಲ್ಲಿ ನೆಲೆಸಿದ ವಂಶ. ಅಮರಪ್ರಭ ಎಂಬ ರಾಜ ಕೋತಿಯ ಚಿತ್ರವನ್ನು ಬಾವುಟ, ಕಿರೀಟ, ತೋರಣಗಳ ಮೇಲೆ ಲಾಂಛನವಾಗಿ ಬರೆಸಿದ. ಅಲ್ಲಿಂದ ಹೆಸರು ಬಂತು.

ಅಭಿನವ ಪಂಪನೆಂದು ಕರೆಸಿಕೊಂಡ ನಾಗಚಂದ್ರ 12ನೇ ಶತಮಾನದಲ್ಲಿ ‘ರಾಮಚಂದ್ರಚರಿತ ಪುರಾಣ’ ಬರೆದಾಗ ಈ ಪರಂಪರೆಯನ್ನೇ ಹಿಡಿದ. ಈ ಜೈನ ರಾಮಕಥೆಯಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಹನುಮಂತನಿಗೆ ಮದುವೆಯೂ ಆಗಿದೆ. ವಾಲಿಯಂತೂ ರಾಜ್ಯವನ್ನು ತಮ್ಮನಿಗೆ ಬಿಟ್ಟು ದೀಕ್ಷೆ ತೆಗೆದುಕೊಂಡು ಹೊರಟುಹೋಗುತ್ತಾನೆ. ರಾಮ ಮರೆಯಲ್ಲಿ ನಿಂತು ಬಾಣ ಬಿಡುವ ಪ್ರಸಂಗವೇ ಎದುರಾಗುವುದಿಲ್ಲ. ಸುಗ್ರೀವನ ವೇಷ ಹಾಕಿ ತಾರೆಯನ್ನು ಬಯಸಿ ಬಂದ ಸಾಹಸಗತಿ ಎಂಬ ಮೋಸಗಾರ ಸಾಯುತ್ತಾನೆ, ಅಷ್ಟೆ.

ಜಾಣ ಪರಿಹಾರ. ಆದರೆ ಜನ ಒಪ್ಪಲಿಲ್ಲ. ಶಿಲ್ಪಿಗಳೂ ಒಪ್ಪಲಿಲ್ಲ. ಚನ್ನಗಿರಿಯಿಂದ ದೂರವಲ್ಲದ ತರೀಕೆರೆ ಸೀಮೆಯ ಅಮೃತಾಪುರದಲ್ಲಿ 1196ರಲ್ಲಿ ಹೊಯ್ಸಳ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ಗುಡಿ ಇದೆ. ಅದರ ದಕ್ಷಿಣದ ಗೋಡೆಯಲ್ಲಿ ಸಾಲಾಗಿ 70 ಫಲಕಗಳ ರಾಮಾಯಣ. ವಿಚಿತ್ರವೆಂದರೆ ಅದನ್ನು ಪ್ರದಕ್ಷಿಣೆಯಾಗಿ ಅಲ್ಲ, ಅಪ್ರದಕ್ಷಿಣೆಯಾಗಿ ಓದಿಕೊಂಡು ಹೋಗಬೇಕು. ಕನ್ನಡ ನಾಡಿನ ಕಲ್ಲುಕುಟಿಗರು ವಾನರನನ್ನು ಕೆತ್ತುವ ಬಗೆ ಒಂದೇ: ಮೈ ಮನುಷ್ಯನದು, ಒಡವೆ ರಾಜನದು, ಮೂತಿ, ಬಾಲ ಕೋತಿಯವು. ಈ ಮೂರರಲ್ಲಿ ಒಂದನ್ನು ಬಿಡು ಎಂದರೂ ಅವರ ಉಳಿ ಬಿಡುತ್ತಿರಲಿಲ್ಲ.

ವಾಲಿ ಕೇಳಿದ್ದು

ಈಗ ಕಥೆಯ ಗಂಟಿಗೆ ಬರೋಣ. ಅಣ್ಣ ವಾಲಿ, ತಮ್ಮ ಸುಗ್ರೀವ ಕುಸ್ತಿಗಿಳಿದಿದ್ದಾರೆ. ಮರದ ಮರೆಯಿಂದ ಬಂದ ರಾಮನ ಬಾಣ ವಾಲಿಯ ಎದೆಗೆ ನಡುತ್ತದೆ. ಬಿದ್ದವನು ಅಳುವುದಿಲ್ಲ, ವಾದ ಹೂಡುತ್ತಾನೆ. ಕಿಷ್ಕಿಂಧಾ ಕಾಂಡದ 17ನೆಯ ಸರ್ಗವಿಡೀ ಅವನ ಮಾತು.

ನಾನು ನಿನ್ನೊಡನೆ ಹೋರಾಡುತ್ತಿರಲಿಲ್ಲ. ನಿನ್ನ ನೆಲಕ್ಕೆ ಕಾಲಿಟ್ಟವನಲ್ಲ. ಬೇಟೆ ಅನ್ನುವೆಯಾ? ನನ್ನ ತೊಗಲನ್ನು ಸಜ್ಜನರು ಹೊದೆಯುವುದಿಲ್ಲ, ನನ್ನ ಮಾಂಸ ನಿಮಗೆ ವರ್ಜ್ಯ. ಮತ್ತೆ ಏತಕ್ಕೆ ಕೊಂದೆ? ಸೀತೆ ಬೇಕಿದ್ದರೆ ನನ್ನನ್ನು ಕೇಳಬಹುದಿತ್ತು, ರಾವಣನ ಕುತ್ತಿಗೆಗೆ ಹಗ್ಗ ಹಾಕಿ ತಂದು ಕೊಡುತ್ತಿದ್ದೆ. ಸಾರಾಂಶ ಇದು.

ಮುಂದಿನ ಸರ್ಗದಲ್ಲಿ ರಾಮನ ಉತ್ತರ. ಅದರಲ್ಲಿ ಎರಡು ವಾದಗಳಿವೆ. ಮೊದಲನೆಯದು: ಈ ಭೂಮಿಯೆಲ್ಲ ಇಕ್ಷ್ವಾಕುಗಳದು, ತಮ್ಮ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ, ಧರ್ಮ ಮೀರಿದವನಿಗೆ ಮರಣದಂಡನೆ. ಎರಡನೆಯದು: ನೀನು ಕೊಂಬೆಯ ಮೇಲಿನ ಮೃಗ, ರಾಜರು ಮೃಗಗಳನ್ನು ಬಲೆ ಹಾಕಿಯೋ, ಮರೆಯಲ್ಲಿ ನಿಂತೋ, ಎದುರಿದ್ದರೂ ಬೆನ್ನು ತೋರಿಸಿದ್ದರೂ ಹೊಡೆಯುತ್ತಾರೆ, ಅದರಲ್ಲಿ ದೋಷವಿಲ್ಲ.

ಒಂದೊಂದೇ ನೋಡಿದರೆ ಎರಡೂ ನಿಲ್ಲುತ್ತವೆ. ಒಟ್ಟಿಗೆ ಇಟ್ಟರೆ ಒಂದನ್ನೊಂದು ತಳ್ಳುತ್ತವೆ. ಅಣ್ಣತಮ್ಮಂದಿರ ಹೆಂಡಿರ ವಿಷಯದ ಧರ್ಮ ಮನುಷ್ಯನಿಗೆ ಅನ್ವಯಿಸುವಂಥದು. ಮರೆಯಲ್ಲಿ ನಿಂತು ಹೊಡೆಯುವ ರಿಯಾಯಿತಿ ಮೃಗದ ಬೇಟೆಯದು. ತೀರ್ಪು ಮನುಷ್ಯನಿಗೆ, ಶಿಕ್ಷೆ ಜಾರಿಯಾದದ್ದು ಮೃಗಕ್ಕೆ. ಇನ್ನೂ ಒಂದು ಮಾತು: ವಾಲಿ ಸತ್ತ ಮೇಲೆ ಅವನ ಹೆಂಡತಿ ತಾರೆ ಸುಗ್ರೀವನ ಅಂತಃಪುರಕ್ಕೆ ಬರುತ್ತಾಳೆ, ಅದರ ಬಗ್ಗೆ ಯಾರೂ ಚಕಾರ ಎತ್ತುವುದಿಲ್ಲ. ವಾಲ್ಮೀಕಿ ಇದನ್ನೆಲ್ಲ ಕಾಣದೆ ಬರೆದ ಎನ್ನಲು ನನಗೆ ಧೈರ್ಯವಿಲ್ಲ. ವಾಲಿಯ ಬಾಯಿಗೆ ಅಷ್ಟು ಗಟ್ಟಿಯಾದ ಪ್ರಶ್ನೆ ಕೊಟ್ಟವನಿಗೆ ಉತ್ತರದ ಬಿರುಕು ಕಂಡೇ ಇರಬೇಕು.

ಕನ್ನಡಿಗರು ಈ ಬಿರುಕನ್ನು ಎಂದೂ ಮುಚ್ಚಿಡಲಿಲ್ಲ, ಅಗಲ ಮಾಡಿದರು. ಕಾಸರಗೋಡಿನ ಕುಂಬಳೆಯ ಪಾರ್ತಿಸುಬ್ಬ ರಾಮಾಯಣದ ಕಥೆಗಳನ್ನು ಯಕ್ಷಗಾನ ಪ್ರಸಂಗಗಳಾಗಿ ಕಟ್ಟಿದ ಮೇಲೆ ವಾಲಿವಧೆ ತಾಳಮದ್ದಲೆಯ ಅಚ್ಚುಮೆಚ್ಚಿನ ಕಣವಾಯಿತು. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಕೂತು ವಾದಿಸುವುದಷ್ಟೇ. ವಾಲಿಯ ಅರ್ಥ ಹೇಳಲು ಒಳ್ಳೆಯ ಅರ್ಥಧಾರಿ ಸಿಕ್ಕರೆ ರಾಮನ ಪಾತ್ರಧಾರಿ ಬೆವರುವುದನ್ನು ನೋಡಲೆಂದೇ ಜನ ನಡುರಾತ್ರಿಯವರೆಗೆ ಕೂರುತ್ತಾರೆ. ಮರುವರ್ಷ ಅದೇ ವಾದ, ಮತ್ತೆ ಅದೇ ಸಭೆ. ತೀರ್ಪು ಆಗಿಲ್ಲ.

1949ರಲ್ಲಿ ಬಂದ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಕುವೆಂಪು ಇನ್ನೊಂದು ಹೆಜ್ಜೆ ಇಟ್ಟರು. ಅವರ ರಾಮ ವಾದಿಸುವುದಿಲ್ಲ, ಪಶ್ಚಾತ್ತಾಪ ಪಡುತ್ತಾನೆ. ಮಲೆನಾಡಿನ ಕಾಡಿನಲ್ಲಿ ಬೆಳೆದ ಕವಿಗೆ ಕಾಡಿನವನ ಸಾವಿಗೆ ಸಮಜಾಯಿಷಿ ಕೊಡಲು ಮನಸ್ಸು ಬಂದಿರಲಾರದು.

ಇನ್ನು ವಾಲಿಯ ಅಂತ್ಯಕ್ರಿಯೆ. ಮೃಗವೆಂದು ಹೊಡೆದವನನ್ನು ಸುಟ್ಟದ್ದು ಹೇಗೆ? ಕೆತ್ತನೆಯ ಕೆಲಸವಿರುವ ಪಲ್ಲಕ್ಕಿ ಬರುತ್ತದೆ. ಒಡವೆ, ಬಟ್ಟೆ, ಹೂಮಾಲೆಗಳಿಂದ ಅಲಂಕರಿಸಿ ಹೆಣವನ್ನು ಅದರಲ್ಲಿ ಇಡುತ್ತಾರೆ. ದಾರಿಯುದ್ದಕ್ಕೂ ರತ್ನ ಚೆಲ್ಲುತ್ತಾ ವಾನರರು ಮುಂದೆ, ತಾರೆ ಮತ್ತು ಹೆಂಗಸರು ಅಳುತ್ತಾ ಹಿಂದೆ. ಹೊಳೆದಂಡೆಯಲ್ಲಿ ಚಿತೆ, ಮಗ ಅಂಗದ ಬೆಂಕಿ ಇಟ್ಟು ಅಪ್ರದಕ್ಷಿಣೆ ಬರುತ್ತಾನೆ, ಎಲ್ಲರೂ ತರ್ಪಣ ಬಿಡುತ್ತಾರೆ. ಕೋತಿಯ ಶವಯಾತ್ರೆಗೆ ನಮ್ಮ ಊರುಗಳಲ್ಲಿ ಟ್ರ್ಯಾಕ್ಟರ್ ಸಿಂಗರಿಸುವವರು ಹೊಸದೇನನ್ನೂ ಮಾಡುತ್ತಿಲ್ಲ.

ಹಂಪಿ ಬಳಿಯ ನಿಂಬಾಪುರದಲ್ಲಿ ಇಂದಿಗೂ ಒಂದು ಬೂದಿದಿಬ್ಬ ತೋರಿಸಿ ಅದು ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಬಳ್ಳಾರಿ ಸೀಮೆಯಲ್ಲಿ ಇಂಥ ಬೂದಿದಿಬ್ಬಗಳು ಬೇಕಾದಷ್ಟಿವೆ. ಪುರಾತತ್ವದವರ ಪ್ರಕಾರ ಅವು ನವಶಿಲಾಯುಗದ ದನಗಾಹಿಗಳು ರಾಶಿ ರಾಶಿ ಸಗಣಿ ಸುಟ್ಟು ಉಳಿಸಿದ ಬೂದಿ. ಊರಿನವರಿಗೆ ಅದು ತಿಳಿಯದ್ದೇನಲ್ಲ. ವಾಲಿಗೆ ಒಂದು ಸಮಾಧಿಯ ಗುರುತು ಬೇಕಿತ್ತು, ಇಟ್ಟುಕೊಂಡಿದ್ದಾರೆ.

ಪಾತ್ರ ಬೇಡ, ಕವಿ ಬೇಕು

ವಾನರರು ಅಂದರೆ ದಕ್ಷಿಣದ ಬುಡಕಟ್ಟಿನವರು, ಆರ್ಯರ ಕಣ್ಣಿಗೆ ಕೋತಿಗಳಾಗಿ ಕಂಡರು: ಇದು ಶಾಲೆಯ ಮಾಸ್ತರರಿಂದ ಹಿಡಿದು ವಿದ್ವಾಂಸರವರೆಗೆ ಬಹಳ ಜನ ಹೇಳಿದ ಮಾತು. ಬಾಲವನ್ನು ಸೊಂಟಕ್ಕೆ ಸಿಕ್ಕಿಸಿದ ಅಲಂಕಾರ ಎಂದವರೂ ಇದ್ದಾರೆ. ವೈಚಾರಿಕವಾಗಿ ಕಾಣುವ ಈ ವಾದದಲ್ಲಿ ನನಗೆ ಒಂದು ಮುಜುಗರ ಇದೆ. ಕೋತಿಯನ್ನು ಮನುಷ್ಯನನ್ನಾಗಿ ಮಾಡುವ ಭರದಲ್ಲಿ ಅದು ಯಾವುದೋ ಕಾಡುಜನರನ್ನು ಕೋತಿ ಮಾಡಿ ಮುಗಿಸುತ್ತದೆ. ವಾಲ್ಮೀಕಿಯಲ್ಲಿ ನಿಷಾದರ ಗುಹ ಬರುತ್ತಾನೆ, ಬೇಟೆಗಾರ ಕುಲದ ಶಬರಿ ಬರುತ್ತಾಳೆ. ಅವರಿಗೆ ಬಾಲ ಇಲ್ಲ. ಕಾಡಿನ ಮನುಷ್ಯರನ್ನು ಮನುಷ್ಯರಾಗಿಯೇ ಬರೆಯಲು ಆ ಕವಿಗೆ ಬರುತ್ತಿತ್ತು.

ಈ ಭಾಗದ ನಿಜವಾದ ಕಾಡುವೀರರ ಇತಿಹಾಸ ನೋಡಿದರೆ ವಿಷಯ ಇನ್ನೂ ಸ್ವಾರಸ್ಯ. ಜಗಳೂರು, ಚಿತ್ರದುರ್ಗ ಕಡೆ ಗುಡ್ಡಗಾಡಿನಲ್ಲಿ ಬೇಟೆಯಾಡಿ, ದಂಡು ಕಟ್ಟಿ, ಕೋಟೆ ಆಳಿದವರು ಬೇಡ ನಾಯಕರು. ರಾಮಾಯಣದಲ್ಲಿ ತಮ್ಮ ಪೂರ್ವಜರನ್ನು ಹುಡುಕಿಕೊಂಡಾಗ ಅವರು ಸುಗ್ರೀವನನ್ನೋ ಅಂಗದನನ್ನೋ ಆರಿಸಲಿಲ್ಲ. ಕಥೆ ಬರೆದವನನ್ನೇ ಆರಿಸಿದರು. ಹರಿಹರ ತಾಲ್ಲೂಕಿನಲ್ಲಿ, ಅದೇ ತುಂಗಭದ್ರೆಯ ದಂಡೆಯ ರಾಜನಹಳ್ಳಿಯಲ್ಲಿ ವಾಲ್ಮೀಕಿ ಗುರುಪೀಠ ಇದೆ. ಫೆಬ್ರುವರಿಯಲ್ಲಿ ಅಲ್ಲಿ ನಡೆಯುವ ವಾಲ್ಮೀಕಿ ಜಾತ್ರೆಗೆ ನಾಡಿನ ಮೂಲೆಮೂಲೆಯಿಂದ ಜನ ಬರುತ್ತಾರೆ, ಪಕ್ಷಭೇದವಿಲ್ಲದೆ ರಾಜಕಾರಣಿಗಳೂ ಬರುತ್ತಾರೆ.

1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಹೆಸರುಗಳು ರಾಜ್ಯದ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. ಪಂಗಡದ ಮೀಸಲಾತಿ ಹೆಚ್ಚಿಸಿ ಎಂದು 2019ರಲ್ಲಿ ಪೀಠದ ಪ್ರಸನ್ನಾನಂದಪುರಿ ಸ್ವಾಮೀಜಿ ರಾಜನಹಳ್ಳಿಯಿಂದ ಬೆಂಗಳೂರಿಗೆ ಪಾದಯಾತ್ರೆ ಮಾಡಿದರು, ಆಮೇಲೆ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. 2022ರಲ್ಲಿ ಸರ್ಕಾರ ಪಂಗಡದ ಮೀಸಲಾತಿಯನ್ನು ಶೇ 3ರಿಂದ ಶೇ 7ಕ್ಕೆ ಏರಿಸಿತು. ಕಾಡಿನವರು ಅರಮನೆಯ ಬಾಗಿಲಿಗೆ ಬಂದು ನ್ಯಾಯ ಕೇಳುವಾಗ ಕೈಯಲ್ಲಿ ಹಿಡಿದದ್ದು ಗದೆಯನ್ನಲ್ಲ, ಗ್ರಂಥಕರ್ತನ ಹೆಸರನ್ನು.

ಹಾಗೆಂದು ಹನುಮನ ಹೆಸರಿಗೆ ಇಲ್ಲಿ ಬರ ಬಂದಿಲ್ಲ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ನೀರ ನಡುವೆ ವಸಂತಮಂಟಪ ನಿಂತ ಆ ಚೆಲುವಾದ ಪುಷ್ಕರಣಿ ಕಟ್ಟಿಸಿದ 16ನೇ ಶತಮಾನದ ಪಾಳೆಯಗಾರ ಕೆಂಗ ಹನುಮಪ್ಪನಾಯಕ. ಅಂದಿನಿಂದ ಇಂದಿನವರೆಗೆ ಹಾಜರಿ ಪುಸ್ತಕ ತೆಗೆದರೆ ಹನುಮಂತಪ್ಪ, ಆಂಜನಪ್ಪ, ಮಾರುತಿ, ಹನುಮಕ್ಕ. ಅಂಗದಪ್ಪ, ಜಾಂಬವಂತಪ್ಪ ಎನ್ನುವವರನ್ನು ನಾನಂತೂ ಕಂಡಿಲ್ಲ. ಇಡೀ ಸೈನ್ಯದ ಪುಣ್ಯವನ್ನು ಒಬ್ಬನೇ ಬಾಚಿಕೊಂಡಿದ್ದಾನೆ. ಸೇತುವೆ ಕಟ್ಟಿದ ನಳನಿಗೆ ನಮ್ಮ ಎಂಜಿನಿಯರುಗಳಾದರೂ ಒಂದು ಗುಡಿ ಕಟ್ಟಬಹುದಿತ್ತು.

▪ ಹುಟ್ಟೂರಿಗಾಗಿ ಹಗ್ಗಜಗ್ಗಾಟ
2021ರ ಏಪ್ರಿಲ್ 21, ರಾಮನವಮಿ: ಹನುಮ ಹುಟ್ಟಿದ್ದು ತಿರುಮಲದ ಅಂಜನಾದ್ರಿಯಲ್ಲಿ ಎಂದು ತಿರುಮಲ ತಿರುಪತಿ ದೇವಸ್ಥಾನಂ (ಟಿಟಿಡಿ) ಘೋಷಿಸಿತು. ಆನೆಗೊಂದಿಯ ಕಡೆಯವರು ಒಪ್ಪಲಿಲ್ಲ, ಮೇ ತಿಂಗಳಲ್ಲಿ ತಿರುಪತಿಯಲ್ಲೇ ವಾದ ನಡೆಯಿತು. ಗೋಕರ್ಣವೇ ಹುಟ್ಟಿದ ಜಾಗ ಎಂಬ ಮೂರನೆಯ ದನಿಯೂ ಎದ್ದಿತು. 2022ರ ಬಜೆಟ್‌ನಲ್ಲಿ ಕರ್ನಾಟಕ ಸರ್ಕಾರ ಆನೆಗೊಂದಿಯ ಅಂಜನಾದ್ರಿಗೆ ₹100 ಕೋಟಿ ಘೋಷಿಸಿತು.

▪ ಉಳಿದವರ ಕಥೆ
ಮೈಂದ, ದ್ವಿವಿದರು ಮಹಾಭಾರತದಲ್ಲೂ ಸಿಗುತ್ತಾರೆ. ರಾಜಸೂಯಕ್ಕೆ ಕಪ್ಪ ಎತ್ತಲು ಬಂದ ಸಹದೇವನ ಜೊತೆ ಕಿಷ್ಕಿಂಧೆಯ ಗುಹೆಯ ಬಳಿ 7 ದಿನ ಕಾದಾಡಿ, ದಣಿಯದೆ, ಕೊನೆಗೆ ತಾವೇ ಮೆಚ್ಚಿ ರತ್ನ ಕೊಟ್ಟು ಕಳಿಸುತ್ತಾರೆ. ಕಾಂಬೋಡಿಯಾದ ಬಾಂತೆಯ್ ಸ್ರೇ ಗುಡಿಯಲ್ಲಿ (967) ವಾಲಿ ಸುಗ್ರೀವರ ಕಾಳಗದ ಕೆತ್ತನೆ ಇದೆ. ಥಾಯ್ಲೆಂಡಿನ ‘ರಾಮಕಿಯನ್’ನ ಬಿಳಿ ಹನುಮನಂತೂ ಬ್ರಹ್ಮಚಾರಿಯೇ ಅಲ್ಲ, ಹೋದಲ್ಲೆಲ್ಲ ಪ್ರೇಮಪ್ರಸಂಗ.

ಷೆಡ್ಯೂಲ್ ಒಂದು

ಈಗ ತೋಟಕ್ಕೆ ವಾಪಸು. ಈ ನಾಲ್ಕು ತಾಲ್ಲೂಕುಗಳ ಜನ ನೋಡುವ ಕೋತಿಗಳಲ್ಲಿ ಎರಡು ಬಗೆ. ಒಂದು, ಕಪ್ಪು ಮೂತಿಯ, ಉದ್ದ ಬಾಲದ ಮುಸಿಯ. ಲಂಕೆ ಸುಟ್ಟಾಗ ಬಾಲದ ಬೆಂಕಿ ಒರೆಸಿಕೊಂಡು ಮೂತಿ ಕಪ್ಪಾಯಿತು ಎನ್ನುವ ಕಥೆ ಇದರದು. ಇನ್ನೊಂದು, ನೆತ್ತಿಯ ಮೇಲೆ ಕೂದಲು ಟೋಪಿಯಂತೆ ಹರಡಿದ ಸಾಮಾನ್ಯ ಕೋತಿ. ತೋಟಕ್ಕೆ, ಬಸ್‌ಸ್ಟ್ಯಾಂಡಿಗೆ, ಗುಡಿಯ ಪ್ರಸಾದಕ್ಕೆ ಮುಗಿಬೀಳುವುದು ಹೆಚ್ಚಾಗಿ ಇದೇ. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದಕ್ಕೆ ಸಹಜ ನೆಲೆ ಇಲ್ಲ.

ಕಾಡಂಚಿನ ಹಣ್ಣಿನ ಮರ ಕಡಿಮೆಯಾಗಿ, ಮೆಕ್ಕೆಜೋಳ, ಅಡಿಕೆ ಗುಡ್ಡದ ಬುಡದವರೆಗೆ ಬಂದ ಮೇಲೆ ಕೋತಿ ಎಲ್ಲಿಗೆ ಹೋಗಬೇಕು? ರೈತ ಎಲ್ಲಿಗೆ ಹೋಗಬೇಕು? ಎರಡೂ ಪ್ರಶ್ನೆ ಸರಿಯಾದವೇ. ಪಂಚಾಯಿತಿಯವರು ಕೋತಿ ಹಿಡಿಯುವವರನ್ನು ಕರೆಸಿ, ಬೋನಿನಲ್ಲಿ ತುಂಬಿ ದೂರದ ಕಾಡಿಗೆ ಬಿಡಿಸುತ್ತಾರೆ. ಆ ಕಾಡಿನ ಅಂಚಿನಲ್ಲೂ ಒಂದು ಊರು ಇರುತ್ತದೆ, ಆ ಊರಲ್ಲೂ ಒಂದು ಹನುಮಪ್ಪನ ಗುಡಿ ಇರುತ್ತದೆ, ಅಲ್ಲೂ ಕೋತಿ ಹಿಡಿಯುವವರಿಗೆ ಕರೆ ಹೋಗುತ್ತದೆ.

ನೆರೆಯ ಶಿವಮೊಗ್ಗ ಜಿಲ್ಲೆಯವರಿಗೆ ಇನ್ನೊಂದು ಭಯವೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದಾಗ ಕಂಡುಬಂದ ಮಂಗನ ಕಾಯಿಲೆ. ಹರಡುವುದು ಉಣುಗಿನಿಂದ, ಹೆಸರು ಬಂದದ್ದು ಮಂಗನಿಗೆ. ಮನುಷ್ಯರಿಗಿಂತ ಮೊದಲು ಸಾಯುವುದೂ ಅದೇ. ಪಾಪ, ಆರೋಪಿಯೂ ಅದೇ.

2021ರ ಜುಲೈ ಕೊನೆಯಲ್ಲಿ ಹಾಸನ ಜಿಲ್ಲೆಯಲ್ಲಿ ರಸ್ತೆ ಬದಿಯ ಗೋಣಿಚೀಲಗಳಲ್ಲಿ 38 ಕೋತಿಗಳ ಹೆಣ ಸಿಕ್ಕವು. ಸುದ್ದಿ ಓದಿದ ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ವಾಲಿಯ ಪ್ರಶ್ನೆ ಕೊನೆಗೂ ಒಂದು ನ್ಯಾಯಾಲಯದ ಮೆಟ್ಟಿಲು ಹತ್ತಿತು ಎಂದು ಆಗ ನನಗೆ ಅನ್ನಿಸಿತ್ತು. ಆ ಹೆಣಗಳಿಗೆ ಪಲ್ಲಕ್ಕಿ ಇರಲಿಲ್ಲ, ಟ್ರ್ಯಾಕ್ಟರೂ ಇರಲಿಲ್ಲ.

2022ರ ಕೊನೆಯಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಯಿತು; 2023ರ ಏಪ್ರಿಲ್ 1ರಿಂದ ಜಾರಿ. ಉತ್ತರ ಭಾರತದ ಕೆಂಪುಮೂತಿಯ ಮಂಗ ಪಟ್ಟಿಯಿಂದಲೇ ಹೊರಬಿತ್ತು. ನಮ್ಮ ಟೋಪಿಕೂದಲಿನ ಕೋತಿ ಮಾತ್ರ ಬಡ್ತಿ ಪಡೆದು ಹುಲಿ, ಆನೆಗಳಿರುವ ಮೊದಲ ಷೆಡ್ಯೂಲಿಗೆ ಏರಿತು. ಈಗ ಅದನ್ನು ಕೊಂದರೆ ಕನಿಷ್ಠ 3 ವರ್ಷ ಜೈಲು, ಕನಿಷ್ಠ ₹25,000 ದಂಡ. ಬೇಟೆ ರಾಜನ ಹಕ್ಕು ಎಂಬ ಹಳೆಯ ವಾದ ಇನ್ನು ನಡೆಯುವಂತಿಲ್ಲ. ಕೇರಳ ಸರ್ಕಾರ ಆಗಲೇ ಇದನ್ನು ಮೊದಲ ಷೆಡ್ಯೂಲಿನಿಂದ ಕೆಳಗಿಳಿಸಿ ಎಂದು ಕೇಂದ್ರವನ್ನು ಕೇಳಿದೆ. ಬೆಳೆ ಕಳೆದುಕೊಂಡವರ ಸಿಟ್ಟು ಗಡಿ ನೋಡುವುದಿಲ್ಲ.

ಈ ತಿದ್ದುಪಡಿಗೆ ಸ್ವಲ್ಪ ಮೊದಲು, 2019ರಲ್ಲಿ, ತೀರ್ಥಹಳ್ಳಿ ಕಡೆಯ ರೈತರೊಬ್ಬರು ಸಾಕುನಾಯಿಗೆ ಕಪ್ಪು ಪಟ್ಟೆ ಬಳಿದು ತೋಟಕ್ಕೆ ಬಿಟ್ಟಿದ್ದರು. ಹುಲಿಯೆಂದು ಬೆದರಿ ಕೋತಿಗಳು ದೂರ ಉಳಿದವು ಎಂದು ಸುದ್ದಿಯಾಯಿತು, ಚಿತ್ರ ದೇಶವೆಲ್ಲ ಸುತ್ತಿತು. ಈಗ ಕಾನೂನಿನ ಪ್ರಕಾರ ಹುಲಿಯೂ ಕೋತಿಯೂ ಒಂದೇ ದರ್ಜೆ. ಪಟ್ಟೆ ಬಳಿಸಿಕೊಂಡ ನಾಯಿಗೆ ಮಾತ್ರ ಯಾವ ಷೆಡ್ಯೂಲೂ ಇಲ್ಲ.